ಏಳು ನಿಮಿಷದ ಅಂತರ

ಅಣುಯುದ್ಧವೆಂದೊಡನೆ ನಮ್ಮ ಮನಸ್ಸು ಅಮೆರಿಕ, ರಷ್ಯಗಳ ಕಡೆಗೆ ಓಡುತ್ತದೆ. ಆ ಎರಡು ದೇಶಗಳು ಕೂಡಿಟ್ಟಿರುವ ಅಸ್ತ್ರಗಳ ರಾಶಿಯನ್ನು ನೆನೆದರೆ ಅದು ಸಹಜವೇ. ಆದರೆ ಅಸ್ತ್ರಗಳ ಎಣಿಕೆಗಿಂತಲೂ ಅವು ಕ್ರಮಿಸಬೇಕಾದ ದೂರವೇ ಹೆಚ್ಚು ಚಿಂತಿಸತಕ್ಕ ವಿಷಯವೆಂದು ನನಗೆ ತೋರುತ್ತದೆ. ಖಂಡದಿಂದ ಖಂಡಕ್ಕೆ ಹಾರುವ ಕ್ಷಿಪಣಿಗೆ ಸುಮಾರು ಅರ್ಧ ಗಂಟೆ ಬೇಕು. 1962ರ ಕ್ಯೂಬಾ ಬಿಕ್ಕಟ್ಟಿನಲ್ಲಿ ಕೆನಡಿಯವರಿಗೂ ಕ್ರುಶ್ಚೇವರಿಗೂ ಪತ್ರ ಬರೆಯಲು, ಉತ್ತರಕ್ಕೆ ಕಾಯಲು, ಪುನಃ ಯೋಚಿಸಲು ದಿನಗಳೇ ದೊರೆತವು. ಒಂದೇ ಗಡಿಯ ಆಚೆ ಈಚೆ ಇರುವ ಭಾರತ, ಪಾಕಿಸ್ತಾನಗಳಿಗೆ ಅಂತಹ ವ್ಯವಧಾನವನ್ನು ಭೂಗೋಳವೇ ಕೊಟ್ಟಿಲ್ಲ.

2022ರ ಮಾರ್ಚ್ 9ರ ಸಂಜೆ ನಮ್ಮ ಬ್ರಹ್ಮೋಸ್ ಕ್ಷಿಪಣಿಯೊಂದು ಯಾರ ಉದ್ದೇಶವೂ ಇಲ್ಲದೆ ಹಾರಿಹೋಯಿತು. ಗಡಿಯನ್ನು ದಾಟಿ, ಪಾಕಿಸ್ತಾನದೊಳಗೆ 124 ಕಿಲೋಮೀಟರು ಸಾಗಿ, ಮಿಯಾಂ ಚನ್ನು ಎಂಬ ಊರಿನ ಬಳಿ ಬಿತ್ತು. ಪಾಕಿಸ್ತಾನದ ಸೇನೆ ಹೇಳಿದಂತೆ, 6 ಗಂಟೆ 43 ನಿಮಿಷಕ್ಕೆ ಅವರ ರೇಡಾರಿಗೆ ಕಂಡದ್ದು 6 ಗಂಟೆ 50 ನಿಮಿಷಕ್ಕೆ ನೆಲಕ್ಕೆ ಬಿದ್ದಿತ್ತು. ಅದರಲ್ಲಿ ಸಿಡಿತಲೆ ಇರಲಿಲ್ಲ, ಪ್ರಾಣಹಾನಿಯೂ ಆಗಲಿಲ್ಲ. ನಮ್ಮ ಸರ್ಕಾರ ಮಾರ್ಚ್ 11ರಂದು, ಇದು ತಾಂತ್ರಿಕ ದೋಷದಿಂದಾದ ಆಕಸ್ಮಿಕವೆಂದು ತಿಳಿಸಿ ವಿಷಾದಿಸಿತು. ಆಗಸ್ಟಿನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳು ವಜಾ ಆದರು. ಹಿಂದಿನ ವರ್ಷವಷ್ಟೇ ಕದನವಿರಾಮವನ್ನು ಎರಡೂ ಸೇನೆಗಳು ಪುನಃ ದೃಢಪಡಿಸಿದ್ದವು, ಗಡಿ ತಣ್ಣಗಿತ್ತು. ಇದೇ ಕ್ಷಿಪಣಿ 2019ರ ಫೆಬ್ರವರಿಯಲ್ಲಿ, ಬಾಲಾಕೋಟಿನ ಮರುದಿನ ದಾರಿ ತಪ್ಪಿದ್ದರೆ? ರೇಡಾರಿನ ತೆರೆಯ ಮೇಲಿನ ಚುಕ್ಕೆ ತನ್ನ ಒಡಲಲ್ಲಿ ಏನಿದೆಯೆಂದು ಹೇಳುವುದಿಲ್ಲ. ಏಳು ನಿಮಿಷದ ಹಾರಾಟಕ್ಕೆ ಎರಡು ದಿನ ಕಳೆದು ಬಂದ ಬಹಿರಂಗ ವಿವರಣೆ: ಈ ಲೆಕ್ಕ ನನ್ನನ್ನು ಇಂದಿಗೂ ಕಾಡುತ್ತದೆ.

ಹಾಗೆಂದು ಎರಡೂ ಕಡೆ ವಿವೇಕವೇ ಇಲ್ಲವೆನ್ನುವವರ ಮಾತನ್ನು ನಾನು ಒಪ್ಪಲಾರೆ. ಪರಸ್ಪರರ ಅಣುಸ್ಥಾವರಗಳ ಮೇಲೆ ದಾಳಿ ಮಾಡಕೂಡದೆಂಬ ಒಪ್ಪಂದಕ್ಕೆ 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ ಸಹಿ ಬಿದ್ದಿತು. ಅದರಂತೆ 1992ರಿಂದ ಹೊಸವರ್ಷದ ದಿನ ಸ್ಥಾವರಗಳ ಪಟ್ಟಿಗಳ ವಿನಿಮಯ ನಡೆಯುತ್ತ ಬಂದಿದೆ. ಸಂಸತ್ ಭವನದ ಮೇಲಿನ ದಾಳಿಯ ತರುವಾಯ ಲಕ್ಷಗಟ್ಟಲೆ ಸೈನಿಕರು ಗಡಿಯಲ್ಲಿ ಎದುರುಬದುರಾಗಿ ನಿಂತಿದ್ದ 2002ರ ಜನವರಿ 1ರಂದೂ ಪಟ್ಟಿಗಳು ಕೈ ಬದಲಾಯಿಸಿದವು. ಇಂತಹ ಸಣ್ಣ ಕಾಗದಗಳಿಗೆ ಪತ್ರಿಕೆಗಳಲ್ಲಿ ದೊಡ್ಡ ತಲೆಬರಹ ದೊರೆಯುವುದಿಲ್ಲ.

ಕ್ಷಿಪಣಿ ಪರೀಕ್ಷೆಗಳನ್ನು ಮುಂಚಿತವಾಗಿ ತಿಳಿಸುವ 2005ರ ಒಪ್ಪಂದವೂ ಇದೆ. ಆದರೆ ಅದು ಬ್ಯಾಲಿಸ್ಟಿಕ್ ಕ್ಷಿಪಣಿಗಳಿಗೆ ಮಾತ್ರ. ಮಿಯಾಂ ಚನ್ನುವಿನಲ್ಲಿ ಬಿದ್ದ ಕ್ರೂಸ್ ಕ್ಷಿಪಣಿಯ ಜಾತಿ ಅದರ ಹೊರಗಿದೆ. 2007ರ ಇನ್ನೊಂದು ಒಪ್ಪಂದ ಅಣ್ವಸ್ತ್ರಗಳ ಅಪಘಾತಕ್ಕೆ ಸಂಬಂಧಿಸಿದ್ದು. ಸಿಡಿತಲೆಯಿಲ್ಲದ ಕ್ಷಿಪಣಿ ಅದರೊಳಗೂ ನೇರವಾಗಿ ಬಾರದು. ಈ ಬಿರುಕನ್ನು ಮುಚ್ಚಲು ಕಾಶ್ಮೀರದ ಪ್ರಶ್ನೆ ಬಗೆಹರಿಯುವ ತನಕ ಕಾಯಬೇಕಾಗಿಲ್ಲ. ಉಭಯ ಸೇನೆಗಳ ಕಾರ್ಯಾಚರಣಾ ಮಹಾನಿರ್ದೇಶಕರ ನಡುವೆ ನೇರ ದೂರವಾಣಿ ಇದ್ದೇ ಇದೆ. 2025ರ ಮೇ 10ರ ಮಧ್ಯಾಹ್ನ ಅವರಿಬ್ಬರೂ ಮಾತನಾಡಿದ ಮೇಲೆಯೇ, ಸಂಜೆ 5 ಗಂಟೆಯಿಂದ ಗುಂಡು ನಿಲ್ಲಿಸುವುದೆಂದು ನಿಶ್ಚಯವಾಯಿತು. ಕೈತಪ್ಪಿ ಹಾರಿದ ಯಾವುದೇ ಕ್ಷಿಪಣಿಯ ಸುದ್ದಿಯನ್ನು, ಅದು ನೆಲ ಮುಟ್ಟುವ ಮುನ್ನವೇ ಈ ದೂರವಾಣಿಯಲ್ಲಿ ಹೇಳತಕ್ಕದ್ದೆಂಬ ಒಂದು ಕಲಮನ್ನು ಸೇರಿಸುವ ಕೆಲಸ ಮಾತ್ರ ಬಾಕಿ ಉಳಿದಿದೆ.