ಸಾಕಮ್ಮ ಅಂದ್ರೆ ಏನು?



ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಯಾವ ತಾಲ್ಲೂಕಿನ ಸಂಘದ ಹಾಜರಿ ಪುಸ್ತಕ ತೆಗೆದರೂ ಒಂದೊಂದು ಹೆಸರು ಒಂದೊಂದು ಮನೆಯ ಕಥೆ ಹೇಳುತ್ತದೆ. ಮಾರಕ್ಕ ಅಂದ್ರೆ ಮಾರಮ್ಮನ ಹೆಸರು. ಮಧುಗಿರಿಯಲ್ಲಿ ದಂಡಿನ ಮಾರಮ್ಮನ ಗುಡಿಯೇ ಇದೆ. ತಿಪ್ಪಮ್ಮ? ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆ ಮೇಲೆ ಮಲಗಿಸಿ, ಎತ್ತಿಕೊಂಡು, ಸಾವಿನ ಕಣ್ಣು ತಪ್ಪಿಸಲು ಇಡುತ್ತಿದ್ದ ಹೆಸರು. ಕೇಳೋಕೆ ಒರಟು, ಒಳಗೆ ತಾಯಿಯ ಭಯ. ಆಯೇಷಾ ಅಂದ್ರೆ ಅರಬ್ಬಿಯಲ್ಲಿ ‘ಬದುಕಿರುವವಳು’. ನೋಡಿ, ಎರಡೂ ಹೆಸರಿನ ಆಸೆ ಒಂದೇ.

ಆದರೆ ಸಾಕಮ್ಮ? ಹೆಣ್ಣಿನ ಮೇಲೆ ಹೆಣ್ಣು ಹುಟ್ಟಿದಾಗ ‘ಇನ್ನು ಸಾಕು’ ಅಂತ ಇಡುತ್ತಿದ್ದರು. ಮಹಾರಾಷ್ಟ್ರದಲ್ಲಿ ಇದೇ ಥರ ‘ನಕುಶಾ’, ಅಂದ್ರೆ ಬೇಡವಾದವಳು. 2011ರಲ್ಲಿ ಸತಾರಾ ಜಿಲ್ಲೆಯಲ್ಲಿ ಸಮಾರಂಭ ಮಾಡಿ 280ಕ್ಕೂ ಹೆಚ್ಚು ನಕುಶಾಗಳಿಗೆ ಹೊಸ ಹೆಸರು ಕೊಟ್ಟರು. ನಮ್ಮ ಸಾಕಮ್ಮಂದಿರು ಹೆಸರು ಬದಲಿಸಬೇಕು ಅಂತ ನಾನು ಹೇಳಲ್ಲ. ಸಾಕು ಅಂದ್ರೆ ಸಲಹು ಅಂತಲೂ ಅರ್ಥ ಇದೆಯಲ್ಲ! ಬೆಂಗಳೂರಿನಲ್ಲಿ ಕಾಫಿಪುಡಿ ಉದ್ಯಮ ನಡೆಸಿ, ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ಕೂತ ಸಾಕಮ್ಮನವರು ನಮ್ಮ ತುಮಕೂರು ಕಡೆಯವರೇ.

ಹೆಣ್ಣು ಕೂಸು ತಾನೇ ಅಂತ ಹೆಸರಿಡೋದನ್ನೇ ಮುಂದೂಡುವ ಮನೆಗಳನ್ನು ಈಗಲೂ ಕಾಣುತ್ತೇನೆ. ಜನನ ಪತ್ರದಲ್ಲಿ ಹೆಸರಿನ ಜಾಗ ಖಾಲಿ ಬಿಡಬೇಡಿ. 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ಶುಲ್ಕ ಕಟ್ಟಬೇಕು. ಮುಂದಿನ ಸಭೆಗೆ ಮಕ್ಕಳ, ಮೊಮ್ಮಕ್ಕಳ ಪತ್ರ ತನ್ನಿ, ಒಟ್ಟಿಗೆ ಕೂತು ನೋಡೋಣ.