ಇಂಗ್ಲೆಂಡಿನ ಕೂಲಿಕಾರರ ಸಿಟ್ಟಿನ ಹಾಡು

(ಕಾರ್ಮಿಕರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಹಾಡಿನ ವಿಷಯವಾಗಿ ಭಾಷಣವೆಂದು ಕೇಳಿ ನಿಮ್ಮಲ್ಲಿ ಕೆಲವರು ನಕ್ಕಿರಿ. ಪಗಾರ, ಬೋನಸ್ಸು, ತೆರಿಗೆಗಳ ಮಾತು ಬಿಟ್ಟು ಈ ಮೇಷ್ಟ್ರಿಗೆ ಇಂಗ್ಲೆಂಡಿನ ಹಾಡೇಕೆ ಬೇಕಾಯಿತು ಎಂದು ಒಬ್ಬರು ಬಾಗಿಲಲ್ಲೇ ಕೇಳಿದರು. ಆ ಪ್ರಶ್ನೆಗೆ ಉತ್ತರ ಹೇಳುವುದೇ ಇಂದಿನ ನನ್ನ ಕೆಲಸ.

ಇಂಗ್ಲೆಂಡೆಂದರೆ ನಮ್ಮ ಮನಸ್ಸಿಗೆ ಬರುವುದು ದೊರೆಗಳ ನಾಡು. ಅಲ್ಲಿಯೂ ಕಾರ್ಖಾನೆ ಮುಚ್ಚಿ ಕೂಲಿಕಾರ ಬೀದಿಪಾಲಾದ ಕಥೆಯನ್ನು ನಾನು ಪಾಠ ಹೇಳಿದ ಪುಸ್ತಕಗಳು ಹೇಳಲಿಲ್ಲ. 1979ರಲ್ಲಿ ಮಾರ್ಗರೆಟ್ ಥ್ಯಾಚರ್ ಪ್ರಧಾನಿಯಾದರು. 1982ರ ಜನವರಿಯ ಹೊತ್ತಿಗೆ ನಿರುದ್ಯೋಗಿಗಳ ಸಂಖ್ಯೆ ಸರ್ಕಾರದ ಲೆಕ್ಕದಲ್ಲೇ 30 ಲಕ್ಷ ದಾಟಿತ್ತು. ಇದಕ್ಕೆ ಸ್ವಲ್ಪ ಮುಂಚೆ, 1976ರ ಸುಮಾರಿಗೆ, ಅಲ್ಲಿ ಪಂಕ್ ಎಂಬ ಸಂಗೀತ ಹುಟ್ಟಿತ್ತು. ಗಿಟಾರು ಅಷ್ಟಿಷ್ಟು ಬಂದರೂ ಸಾಕು, ಯಾರು ಬೇಕಾದರೂ ಹಾಡಬಹುದು ಎಂಬುದು ಅದರ ಧೈರ್ಯ. ಅದರ ಬೆನ್ನಿಗೇ ಬಂದ ಸಂಗೀತಕ್ಕೆ ಪೋಸ್ಟ್-ಪಂಕ್ ಎಂದು ಹೆಸರಾಯಿತು.

ಹಾಡಿದವರೆಲ್ಲರೂ ಕೂಲಿಕಾರರಾಗಿರಲಿಲ್ಲ. ಲೀಡ್ಸ್ ನಗರದ ಗ್ಯಾಂಗ್ ಆಫ್ ಫೋರ್ ತಂಡ ಅಲ್ಲಿಯ ವಿದ್ಯಾರ್ಥಿಗಳ ನಡುವೆ ಹುಟ್ಟಿದ್ದು. ಆದರೆ 1979ರಲ್ಲಿ ಬಿ.ಬಿ.ಸಿ.ಯ ಜನಪ್ರಿಯ ಕಾರ್ಯಕ್ರಮವೊಂದಕ್ಕಾಗಿ ಹಾಡಿನ ಒಂದು ಪದ ಬದಲಾಯಿಸಿ ಎಂದಾಗ, ಕೊನೆಗೆ ಅವರು ಒಪ್ಪದೆ ಹೊರನಡೆದರು. ಕೀರ್ತಿಯೂ ಹಣವೂ ಬಾಗಿಲಲ್ಲಿ ನಿಂತಿದ್ದಾಗ ಹಾಗೆ ನಡೆಯುವುದು ಸುಲಭವಲ್ಲ.

ಕವೆಂಟ್ರಿ ಮೋಟಾರು ಕಾರ್ಖಾನೆಗಳ ಊರು. ಅಲ್ಲಿಯ ದಿ ಸ್ಪೆಷಲ್ಸ್ ತಂಡದಲ್ಲಿ ಕಪ್ಪು ಹುಡುಗರೂ ಬಿಳಿ ಹುಡುಗರೂ ಒಟ್ಟಿಗಿದ್ದರು. ಊರೂರು ತಿರುಗುತ್ತಿದ್ದಾಗ ತಂಡದ ಜೆರ್ರಿ ಡ್ಯಾಮರ್ಸ್ ಕಂಡದ್ದೇನು? ಲಿವರ್‌ಪೂಲಿನಲ್ಲಿ ಮುಚ್ಚಿದ ಅಂಗಡಿಗಳ ಸಾಲು. ಗ್ಲಾಸ್ಗೋ ಬೀದಿಯಲ್ಲಿ ಮನೆಯ ಕಪ್ಪು ಬಸಿಗಳನ್ನು ಮಾರಲು ಕುಳಿತ ಮುದುಕಿಯರು. ವ್ಯಾಪಾರಿ ಮಿತ್ರರು ಇದನ್ನು ಗಮನಿಸಬೇಕು. ಕೂಲಿಕಾರನ ಪಗಾರ ನಿಂತ ಊರಿನಲ್ಲಿ ಅಂಗಡಿಯ ಗಲ್ಲಾ ಎಷ್ಟು ದಿನ ತುಂಬೀತು? ಆ ನೋಟವೇ 1981ರಲ್ಲಿ ‘ಘೋಸ್ಟ್ ಟೌನ್’ ಎಂಬ ಹಾಡಾಯಿತು. ಭೂತ ಹೊಕ್ಕಂತೆ ಬರಿದಾದ ಊರಿನ ಹಾಡು ಅದು. ಜುಲೈನಲ್ಲಿ ಅದು ಮೂರು ವಾರ ದೇಶದ ಮೊದಲನೆಯ ಸ್ಥಾನದಲ್ಲಿತ್ತು. ಅದೇ ಜುಲೈನಲ್ಲಿ ಲಿವರ್‌ಪೂಲಿನ ಟಾಕ್ಸ್‌ಟೆತ್ ಗಲಭೆಯಲ್ಲಿ ಉರಿಯಿತು.

1984ರ ಮಾರ್ಚಿಯಲ್ಲಿ ಕಲ್ಲಿದ್ದಲ ಗಣಿ ಕೆಲಸಗಾರರು ಮುಷ್ಕರ ಹೂಡಿದರು. ಒಂದು ವರ್ಷ ನಡೆಯಿತು. ಆಗ ಲಂಡನ್ನಿನ ಟೆಸ್ಟ್ ಡಿಪಾರ್ಟ್‌ಮೆಂಟ್ ಎಂಬ ತಂಡ, ಗುಜರಿ ಕಬ್ಬಿಣವನ್ನೇ ವಾದ್ಯ ಮಾಡಿ ಬಡಿಯುತ್ತಿದ್ದವರು, ದಕ್ಷಿಣ ವೇಲ್ಸಿನ ಮುಷ್ಕರನಿರತರ ಗಾಯನ ಮೇಳದೊಡನೆ ಸೇರಿ ಧ್ವನಿಮುದ್ರಿಕೆ ತಂದರು. ಮುಷ್ಕರ ಸೋತಿತು. ಹಾಡಿನಿಂದ ಗಣಿ ಉಳಿಯಲಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ.

ಇನ್ನು ಹಿಪ್-ಹಾಪ್. 1970ರ ದಶಕದಲ್ಲಿ ನ್ಯೂಯಾರ್ಕಿನ ಕಪ್ಪು ಜನರ ಬೀದಿಗಳಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದದ್ದು. ತಾಳದ ಮೇಲೆ ಪ್ರಾಸ ಕಟ್ಟಿ ಮಾತನ್ನೇ ಹಾಡಾಗಿ ಹೇಳುವುದು ಅದರ ರೀತಿ. ಲಾವಣಿಯ ಸವಾಲು-ಜವಾಬು ಕೇಳಿದವರಿಗೆ ತೀರ ಹೊಸದೆನಿಸದು. ಲಂಡನ್ನಿನ ಪೂರ್ವದಲ್ಲಿ ಹಳೆಯ ಹಡಗುಕಟ್ಟೆಗಳು ಮುಚ್ಚಿದ ಜಾಗದಲ್ಲಿ ಬ್ಯಾಂಕುಗಳ ಗೋಪುರಗಳು ಎದ್ದವು. ಅದರ ನೆರೆಯ ಬೋ ಎಂಬ ಬಡವರ ಕೇರಿಯಲ್ಲಿ ಹುಡುಗರು ಲೈಸೆನ್ಸಿಲ್ಲದ ರೇಡಿಯೋಗಳಲ್ಲಿ ಹಾಡಿ ಗ್ರೈಮ್ ಎಂಬ ತಮ್ಮದೇ ರೀತಿಯನ್ನು ಬೆಳೆಸಿದರು. ಅವರಲ್ಲಿ ಡಿಜ್ಜಿ ರಾಸ್ಕಲ್ ಎಂಬ ಹದಿಹರೆಯದವನಿಗೆ 2003ರಲ್ಲಿ ಮರ್ಕ್ಯುರಿ ಬಹುಮಾನ ಬಂದಿತು. ಪೊಲೀಸರು ಕೊಟ್ಟ ಬಹುಮಾನವೇ ಬೇರೆ. 2005ರಿಂದ 2017ರವರೆಗೆ ಲಂಡನ್ನಿನಲ್ಲಿ ‘ಫಾರಂ 696’ ಎಂಬುದಿತ್ತು. ಹಾಡಿನ ಕೂಟ ನಡೆಸುವವರು ಅದನ್ನು ತುಂಬಿಕೊಡಬೇಕಿತ್ತು. ಕೇಳಲು ಬರುವವರು ಯಾವ ಜನಾಂಗದವರು ಎಂದೂ ಮೊದಮೊದಲು ಅದರಲ್ಲಿ ಕೇಳಿತ್ತು!

2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಎಂಬ 24 ಅಂತಸ್ತಿನ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 72 ಮಂದಿ ಸತ್ತರು. ಹೊರಗೋಡೆಗೆ ಹೊದಿಸಿದ್ದ ಹಲಗೆಗಳೇ ಹತ್ತಿಕೊಂಡು ಉರಿದವು. ಮರುವರ್ಷದ ಫೆಬ್ರವರಿಯಲ್ಲಿ ಸ್ಟಾರ್ಮ್‌ಜಿ ಎಂಬ ಕವಿ-ಗಾಯಕ ಬ್ರಿಟ್ ಪ್ರಶಸ್ತಿ ಸಮಾರಂಭದ ವೇದಿಕೆಯಿಂದಲೇ, ಗ್ರೆನ್‌ಫೆಲ್ಲಿನವರ ಹಣವೆಲ್ಲಿ ಎಂದು ಪ್ರಧಾನಿ ಥೆರೆಸಾ ಮೇ ಅವರನ್ನು ಹೆಸರು ಹಿಡಿದು ಕೇಳಿದ.

ಹೆಸರು ಹಿಡಿದು ಕೇಳಿದ ಎಂಬ ಮಾತನ್ನು ನೆನಪಿಡಿ. ಹಸಿದವನಿಗೆ ಸಿಟ್ಟು ಬಂದೇ ಬರುತ್ತದೆ. ಅದು ಹೋಗಿ ತಟ್ಟುವ ಬಾಗಿಲು ಯಾವುದು ಎಂಬುದೇ ಪ್ರಶ್ನೆ. 1970ರ ದಶಕದಲ್ಲಿ ನ್ಯಾಷನಲ್ ಫ್ರಂಟ್ ಎಂಬ ಪಕ್ಷ ಬಿಳಿಯ ನಿರುದ್ಯೋಗಿಗಳಿಗೆ, ನಿಮ್ಮ ಕೆಲಸ ಕಸಿದವನು ಪಕ್ಕದ ಮನೆಯ ವಲಸೆಗಾರ ಎಂದು ಹೇಳಿಕೊಟ್ಟಿತು. ಅದಕ್ಕೆದುರಾಗಿ 1976ರಲ್ಲಿ ‘ರಾಕ್ ಎಗೇನ್ಸ್ಟ್ ರೇಸಿಸಂ’ ಚಳವಳಿ ಎದ್ದಿತು. 1978ರ ಏಪ್ರಿಲ್ 30ರಂದು ಸಹಸ್ರಾರು ಜನ ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿಗೆ ಮೆರವಣಿಗೆ ಹೋದರು. ಅಲ್ಲಿ ಬಿಳಿಯರ ಕ್ಲಾಷ್ ತಂಡವೂ ಕಪ್ಪು ಜನರ ಸ್ಟೀಲ್ ಪಲ್ಸ್ ತಂಡವೂ ಒಂದೇ ವೇದಿಕೆ ಏರಿದವು. ಸಿಟ್ಟು ನೆರೆಯವನ ಬಾಗಿಲು ಬಿಟ್ಟು ಸರಿಯಾದ ಬಾಗಿಲಿಗೆ ಹೊರಟದ್ದು ಹೀಗೆ.

ಕೊನೆಯದಾಗಿ ನನ್ನದೇ ತಪ್ಪೊಂದನ್ನು ಹೇಳಬೇಕು. ಥ್ಯಾಚರ್ ಹುಟ್ಟಿದ ಗ್ರಾಂಥಮ್ ಊರಿನಲ್ಲೇ ಹುಟ್ಟಿದ ಜೇಸನ್ ವಿಲಿಯಮ್‌ಸನ್ ಕೋಳಿ ಮಾಂಸದ ಕಾರ್ಖಾನೆಯಲ್ಲಿ ದುಡಿದವನು. ಅವನೂ ಆಂಡ್ರ್ಯೂ ಫರ್ನ್ ಎಂಬವನೂ ಸೇರಿ ಸ್ಲೀಫರ್ಡ್ ಮಾಡ್ಸ್ ಎಂಬ ಹೆಸರಿನಲ್ಲಿ, ಪಂಕಿನ ಒರಟುತನವನ್ನೂ ಹಿಪ್-ಹಾಪಿನ ಮಾತುಗಾರಿಕೆಯನ್ನೂ ಕೂಡಿಸಿದರು. ಸರ್ಕಾರ ಬಡವರ ಸಹಾಯಧನಕ್ಕೆ ಕತ್ತರಿ ಹಾಕುತ್ತಿದ್ದ ಕಾಲದಲ್ಲಿ, 2013ರಲ್ಲಿ, ‘ಆಸ್ಟೆರಿಟಿ ಡಾಗ್ಸ್’ ತಂದರು. ಅದರ ತುಂಬ ಅವರ ಸೀಮೆಯ ಆಡುಮಾತು, ಬೈಗುಳ. ಮೊದಲು ಕೇಳಿದಾಗ ನನ್ನೊಳಗಿನ ಮೇಷ್ಟ್ರು ಮುಖ ಸಿಂಡರಿಸಿದ. ಆಮೇಲೆ ನೆನಪಾಯಿತು: ಗಿರಣಿಯಿಂದ ರಾತ್ರಿ ಬಂದ ಅಪ್ಪನ ಕೆಮ್ಮನ್ನು ಆಡುಮಾತಿನಲ್ಲೇ ಬರೆದ ಒಬ್ಬ ಹುಡುಗನ ಪ್ರಬಂಧಕ್ಕೆ ನಾನು ಕೆಂಪು ಶಾಯಿ ಎಳೆದಿದ್ದೆ. ಭಾಷೆ ತಿದ್ದಿದೆ, ಕೆಮ್ಮಿನ ಮಾತೇ ಎತ್ತಲಿಲ್ಲ.

ನಮ್ಮ ಸಭೆಗಳಿಗೆ ಹುಡುಗರು ಏಕೆ ಬರುವುದಿಲ್ಲವೆಂದು ಕೇಳುತ್ತೇವೆ. ಅವರ ಮಾತಿಗೆ ಕೆಂಪು ಶಾಯಿ ಎಳೆಯುವವರು ನಾವೇ ಅಲ್ಲವೆ? ಹಾಡು ಸಂಘದ ಕೆಲಸ ಮಾಡಲಾರದು. ಆದರೆ ನೋವು ಎಲ್ಲಿದೆಯೆಂದು ಅದು ಸಂಘಕ್ಕೆ ತೋರಿಸಬಲ್ಲದು. ಆದುದರಿಂದ ಮುಂದಿನ ಭಾನುವಾರ ಈ ಕೂಟದಲ್ಲಿ ಹುಡುಗರೇ ಮೊದಲು ಮಾತಾಡಲಿ, ತಮಗೆ ಬಂದ ಮಾತಿನಲ್ಲೇ ಆಡಲಿ. ನಾನು ಕೊನೆಯ ಸಾಲಿನಲ್ಲಿ ಕುಳಿತು ಕೇಳುತ್ತೇನೆ.