ಬದಲಾಯಿಸಿದ ಇಂಜಿನು ಹೊತ್ತಿಕೊಳ್ಳದಿದ್ದರೆ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಿಮ್ಮ ಮುಂದೆ ಹೇಳಬೇಕೆಂದಿರುವುದು ನೀರೆತ್ತುವ ಡೀಸೆಲ್ ಇಂಜಿನಿನ ವಿಷಯ. ಈಗ ಬಹಳಷ್ಟು ಬಾವಿಗಳಿಗೆ ವಿದ್ಯುತ್ತಿನ ಪಂಪುಗಳು ಬಂದಿವೆ, ನಿಜ. ಆದರೂ ಕರೆಂಟು ಇಲ್ಲದಾಗ, ಹಳ್ಳ ಹೊಳೆಗಳಿಂದ ನೀರು ಹಾಯಿಸುವಾಗ, ಡೀಸೆಲ್ ಇಂಜಿನೇ ನಮ್ಮ ಕೈಹಿಡಿಯುತ್ತದೆ. ಹಳೆಯ ಇಂಜಿನು ಸವೆದಾಗ ಅದನ್ನು ಇಳಿಸಿ, ಅದೇ ಕಟ್ಟೆಯ ಮೇಲೆ ಇನ್ನೊಂದನ್ನು ಕೂರಿಸುತ್ತೇವೆ. ಹಳೆಯ ಟ್ಯಾಂಕು, ಹಳೆಯ ಪೈಪು ಹಾಗೆಯೇ ಉಳಿಯುತ್ತವೆ. ಆಮೇಲೆ ಹ್ಯಾಂಡಲು ತಿರುಗಿಸಿ ತೋಳು ಸೋತರೂ ಇಂಜಿನು ಹೊತ್ತಿಕೊಳ್ಳುವುದಿಲ್ಲ. ಅತ್ತ ಗದ್ದೆ ಬಿರುಕು ಬಿಡುತ್ತಿರುತ್ತದೆ. ಇತ್ತ ನಾವು ಇಂಜಿನು ಮಾರಿದವನನ್ನು ಬೈಯುತ್ತಿರುತ್ತೇವೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ! ಹೀಗಾದಾಗ ಬಹುಮಟ್ಟಿಗೆ ದೋಷವಿರುವುದು ಇಂಜಿನಿನಲ್ಲಲ್ಲ. ನಾವು ಬಿಚ್ಚಿ ಮತ್ತೆ ಜೋಡಿಸಿದ ಎಣ್ಣೆಯ ದಾರಿಯಲ್ಲಿ.

ಮೊದಲು ಇಂಜಿನು ಕೆಲಸಮಾಡುವ ಬಗೆಯನ್ನು ತಿಳಿಯೋಣ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಇಂಜಿನಿಯರು 1897ರಲ್ಲಿ ಚೆನ್ನಾಗಿ ಓಡಿಸಿ ತೋರಿಸಿದ ಈ ಯಂತ್ರಕ್ಕೆ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಪಿಸ್ಟನ್ನು ಗಾಳಿಯನ್ನು ಸುಮಾರು ಹದಿನಾರರಲ್ಲೊಂದು ಪಾಲಿಗೆ ಒತ್ತಿದಾಗ ಆ ಗಾಳಿ ಕಾದು 500 ಡಿಗ್ರಿ ಸೆಂಟಿಗ್ರೇಡಿಗೂ ಮೇಲೇರುತ್ತದೆ. ಆ ಕಾದ ಗಾಳಿಗೆ ನಾಜಲ್ಲು ಡೀಸೆಲ್ಲನ್ನು ಮಂಜಿನಂತೆ ಚಿಮ್ಮಿಸಿದಾಗ ಅದು ತಾನೇ ಹೊತ್ತಿಕೊಳ್ಳುತ್ತದೆ. ಒಂದು ಸಲಕ್ಕೆ ಬೇಕಾದುದು ಒಂದೆರಡು ಹನಿ ಮಾತ್ರ. ಆದರೆ ಅದನ್ನು ದೂಡುವ ಒತ್ತಡ ಅನೇಕ ಇಂಜಿನುಗಳಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋಗ್ರಾಂ!

ಇಲ್ಲಿಯೇ ಗುಟ್ಟಿರುವುದು. ಎಣ್ಣೆಯನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಮುಂದಕ್ಕೆ ಸರಿಯುತ್ತದೆ. ಗಾಳಿ ಹಾಗಲ್ಲ. ಸೈಕಲ್ಲಿನ ಪಂಪಿನ ಬಾಯಿಗೆ ಬೆರಳಿಟ್ಟು ಒತ್ತಿ ನೋಡಿ, ಒಳಗಿನ ಗಾಳಿ ಕುಗ್ಗಿ ಮತ್ತೆ ಹಿಗ್ಗುತ್ತದೆ. ಪೈಪಿನಲ್ಲಿ ಗಾಳಿ ಸೇರಿದ್ದರೆ ಪಂಪಿನ ಒತ್ತೆಲ್ಲ ಆ ಗಾಳಿಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ; ನಾಜಲ್ಲಿನ ಬಾಯಿ ತೆರೆಯುವುದಿಲ್ಲ. ಪೈಪು ಬಿಚ್ಚಿದಲ್ಲೆಲ್ಲ ಗಾಳಿ ಸೇರುತ್ತದೆ. ಆದುದರಿಂದ ಇಂಜಿನು ಬದಲಾಯಿಸಿದ ಮೇಲೆ ಗಾಳಿ ತೆಗೆಯದೆ ಹ್ಯಾಂಡಲು ತಿರುಗಿಸುವುದು ವ್ಯರ್ಥ.

ಯಾವುದನ್ನೂ ಬಿಚ್ಚುವ ಮೊದಲು ಹೊಗೆಯ ಕೊಳವೆಯನ್ನು ನೋಡಿ. ಒಬ್ಬರು ಹ್ಯಾಂಡಲು ತಿರುಗಿಸುವಾಗ ಸ್ವಲ್ಪವೂ ಹೊಗೆ ಬರದಿದ್ದರೆ ಎಣ್ಣೆ ಒಳಗೆ ತಲುಪುತ್ತಿಲ್ಲ. ಬಿಳಿಯ ಹೊಗೆ ಬಂದೂ ಹೊತ್ತದಿದ್ದರೆ ಎಣ್ಣೆ ತಲುಪುತ್ತಿದೆ, ಆದರೆ ಒತ್ತಡ ಸಾಲದು ಅಥವಾ ಹೊತ್ತು ತಪ್ಪಿದೆ. ಈ ಒಂದು ಗುರುತಿನಿಂದ ಅರ್ಧ ದಿನದ ಕೆಲಸ ಉಳಿಯುತ್ತದೆ.

ಹೊಗೆಯೇ ಬಾರದಿದ್ದರೆ ಟ್ಯಾಂಕಿನಿಂದ ಹೊರಟು ಎಣ್ಣೆ ಹರಿಯುವ ದಾರಿಯಲ್ಲೇ ನಡೆಯಿರಿ.

ಮೊದಲನೆಯದು, ನಿಲ್ಲಿಸುವ ಲಿವರು ಓಡಿಸುವ ಕಡೆಗಿದೆಯೇ, ಟ್ಯಾಂಕಿನ ಕಾಕು ತೆರೆದಿದೆಯೇ ನೋಡಿ. ನಗಬೇಡಿ, ಈ ಎರಡು ಕಾರಣಕ್ಕೇ ಮೇಸ್ತ್ರಿಯನ್ನು ಕರೆಸಿ ಕೂಲಿ ಕೊಡುವವರುಂಟು.

ಎರಡನೆಯದು, ಟ್ಯಾಂಕಿನ ಎತ್ತರ. ಚಿಕ್ಕ ಇಂಜಿನುಗಳಲ್ಲಿ ಎಣ್ಣೆ ತನ್ನ ಭಾರದಿಂದಲೇ ಇಳಿದು ಪಂಪಿಗೆ ಬರುತ್ತದೆ. ಹೊಸ ಇಂಜಿನಿನ ಪಂಪು ಹಳೆಯದಕ್ಕಿಂತ ಮೇಲಿದ್ದು ಟ್ಯಾಂಕು ಇದ್ದಲ್ಲೇ ಇದ್ದರೆ, ಎಣ್ಣೆ ಅರ್ಧಕ್ಕಿಳಿದ ಕೂಡಲೆ ಹರಿವು ನಿಲ್ಲಬಹುದು. ಟ್ಯಾಂಕಿನ ತಳ ಪಂಪಿಗಿಂತ ಮೇಲಿರಲಿ. ಮುಚ್ಚಳದ ಸಣ್ಣ ತೂತು ಕಟ್ಟಿದ್ದರೂ ಇಂಜಿನು ಸ್ವಲ್ಪ ಹೊತ್ತು ಓಡಿ ನಿಂತುಬಿಡುತ್ತದೆ.

ಮೂರನೆಯದು, ನೀರು ಮತ್ತು ಮಡ್ಡಿ. ನೀರು ಡೀಸೆಲ್ಲಿಗಿಂತ ಭಾರ. ಅದು ಟ್ಯಾಂಕಿನ ತಳದಲ್ಲಿ ನಿಲ್ಲುತ್ತದೆ. ಹಳೆಯ ಟ್ಯಾಂಕನ್ನು ಅಲುಗಿಸಿ ಎತ್ತಿಟ್ಟಾಗ ತಳದ ಮಡ್ಡಿಯೆಲ್ಲ ಕದಡಿ ಫಿಲ್ಟರಿಗೆ ಬರುತ್ತದೆ. ಟ್ಯಾಂಕನ್ನು ಬರಿದುಮಾಡಿ, ಡೀಸೆಲ್ಲಿನಿಂದಲೇ ತೊಳೆದು, ಹೊಸ ಫಿಲ್ಟರು ಹಾಕಿ. ಬಿರುಕುಬಿಟ್ಟ ರಬ್ಬರು ಪೈಪನ್ನೂ ಚಪ್ಪಟೆಯಾದ ತಾಮ್ರದ ವಾಷರನ್ನೂ ಮತ್ತೆ ಬಳಸಬೇಡಿ.

ನಾಲ್ಕನೆಯದು ಗಾಳಿ ತೆಗೆಯುವುದು. ಕಾಕು ತೆರೆದು ಫಿಲ್ಟರಿನ ಮೇಲಿನ ತಿರುಪನ್ನು ಸಡಿಲಿಸಿ. ನೊರೆ ಬೆರೆತ ಎಣ್ಣೆ ಬರುತ್ತದೆ. ಗುಳ್ಳೆಯಿಲ್ಲದ ಎಣ್ಣೆ ಬಂದಾಗ, ಅದು ಹರಿಯುತ್ತಿರುವಾಗಲೇ ತಿರುಪನ್ನು ಬಿಗಿಮಾಡಿ. ಪಂಪಿನ ಗಾಳಿ ತಿರುಪಿಗೂ ಹೀಗೆಯೇ ಮಾಡಿ. ಕೊನೆಗೆ ನಾಜಲ್ಲಿನ ಬಳಿಯ ಪೈಪಿನ ನಟ್ಟನ್ನು ಒಂದು ಸುತ್ತು ಸಡಿಲಿಸಿ, ಒತ್ತಡ ಬಿಡುವ ಲಿವರನ್ನು ಎತ್ತಿ ಹಿಡಿದು, ಅಲ್ಲಿ ಎಣ್ಣೆ ಬರುವವರೆಗೆ ಹ್ಯಾಂಡಲು ತಿರುಗಿಸಿ. ನಟ್ಟು ಬಿಗಿದ ಮೇಲೆ ಮತ್ತೆ ತಿರುಗಿಸಿದಾಗ ನಾಜಲ್ಲಿನಿಂದ 'ಕಿರ್ ಕಿರ್' ಎಂಬ ಸದ್ದು ಕೇಳಿದರೆ ಎಣ್ಣೆ ಚಿಮ್ಮುತ್ತಿದೆ ಎಂದು ತಿಳಿಯಿರಿ. ಆಗ ಲಿವರನ್ನು ಕೆಳಗೆ ಬಿಡಿ.

ಇಷ್ಟಾದರೂ ಎಣ್ಣೆ ಬಾರದಿದ್ದರೆ ಎಣ್ಣೆಯ ಪಂಪನ್ನು ಬಿಚ್ಚಿ ಜೋಡಿಸಿದ್ದಾರೆಯೇ ಎಂದು ವಿಚಾರಿಸಿ. ಪಂಪಿನೊಳಗಿನ ಸರಳು ಗವರ್ನರಿನ ಕವೆಯಲ್ಲಿ ಸರಿಯಾಗಿ ಕೂತಿರಬೇಕು. ಕೂರದಿದ್ದರೆ ಒಂದೋ ಎಣ್ಣೆ ಬಾರದು, ಇಲ್ಲವೆ ಹತೋಟಿಯಿಲ್ಲದೆ ಬಂದು ಇಂಜಿನು ಹುಚ್ಚು ಕುದುರೆಯಂತೆ ಓಡಿ ಗಾಲಿ ಸಿಡಿಯಬಹುದು. ಪಂಪಿನ ಅಡಿಯ ತೆಳು ತಗಡುಗಳನ್ನೂ ಕಳೆಯಬೇಡಿ. ತಗಡು ಹೆಚ್ಚಾದರೆ ಎಣ್ಣೆ ತಡವಾಗಿ ಚಿಮ್ಮುತ್ತದೆ, ಕಡಿಮೆಯಾದರೆ ಬೇಗ ಚಿಮ್ಮುತ್ತದೆ. ಈ ಕೆಲಸವನ್ನು ಬಲ್ಲ ಮೇಸ್ತ್ರಿಗೇ ಬಿಡುವುದು ಲೇಸು. ಮೊದಲ ಸಲ ಓಡಿಸುವಾಗ ಗಾಳಿ ಎಳೆಯುವ ಬಾಯಿಯನ್ನು ಮುಚ್ಚುವಷ್ಟು ಅಗಲದ ಹಲಗೆಯೊಂದು ಹತ್ತಿರವಿರಲಿ. ಇಂಜಿನು ಹತೋಟಿ ತಪ್ಪಿದರೆ ಗಾಲಿಯ ನೇರದಲ್ಲಿ ನಿಲ್ಲದೆ ಪಕ್ಕದಿಂದ ಹಲಗೆಯನ್ನು ಒತ್ತಿ ಹಿಡಿಯಿರಿ. ಗಾಳಿಯಿಲ್ಲದೆ ಅದು ನಿಲ್ಲುತ್ತದೆ. ಅಂಗೈಯನ್ನು ಮಾತ್ರ ಒಡ್ಡಬೇಡಿ.

ಇನ್ನು ಮೂರು ಎಚ್ಚರಿಕೆಗಳು. ನಾಜಲ್ಲಿನ ಚಿಮ್ಮಿಗೆ ಬೆರಳು ಹಿಡಿದು ಪರೀಕ್ಷೆ ಮಾಡಲೇಬೇಡಿ. ಆ ಒತ್ತಡದ ಎಣ್ಣೆ ಸೂಜಿಯಂತೆ ಚರ್ಮದೊಳಗೆ ನುಗ್ಗುತ್ತದೆ. ಮೇಲೆ ಕಾಣುವುದು ಚುಕ್ಕೆಯಷ್ಟು ಗಾಯ, ಒಳಗೆ ಮಾಂಸ ಕೊಳೆತು ಬೆರಳನ್ನೇ ತೆಗೆಯಬೇಕಾಗಬಹುದು. ನೋವಿಲ್ಲವೆಂದು ತಡಮಾಡದೆ ಕೂಡಲೆ ಆಸ್ಪತ್ರೆಗೆ ಹೋಗಿ. ಎರಡನೆಯದು, ಹ್ಯಾಂಡಲು ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಜೊತೆಯಲ್ಲೇ ಇರಲಿ. ಸುತ್ತಿ ಹಿಡಿದರೆ ಇಂಜಿನು ಹಿಂದಕ್ಕೆ ಒದೆದಾಗ ಮೂಳೆ ಮುರಿದೀತು. ಮೂರನೆಯದು, ಹೊತ್ತಿಸುವ ಆತುರದಲ್ಲಿ ಗಾಳಿಯ ಬಾಯಿಗೆ ಪೆಟ್ರೋಲು ಸುರಿಯಬೇಡಿ.

ಇಂಜಿನು ಬದಲಾಯಿಸುವವರು ಬಿಚ್ಚುವ ಮೊದಲೇ ಎಣ್ಣೆ ಬರುವ ಪೈಪಿಗೂ ಹಿಂದಿರುಗುವ ಪೈಪಿಗೂ ಬೇರೆ ಬೇರೆ ಬಣ್ಣದ ದಾರ ಕಟ್ಟಿರಿ, ಬಿಚ್ಚಿದ ಬಾಯಿಗಳಿಗೆ ಧೂಳು ಹೋಗದಂತೆ ಮುಚ್ಚಿರಿ. ಬೆಳೆಗೆ ನೀರು ಬೇಕಾದ ದಿನ ಈ ಕೆಲಸಕ್ಕೆ ಕೈಹಾಕಬೇಡಿ. ಒಂದು ವಾರ ಮುಂಚೆಯೇ ಕೂರಿಸಿ, ಓಡಿಸಿ ನೋಡಿರಿ. ನೀರು ಕಾಲುವೆಯಲ್ಲಿ ಹರಿದ ಮೇಲೆಯೇ ಇಂಜಿನು ಬದಲಾಯಿತು ಎಂದು ಲೆಕ್ಕ.